ಕೊಡಗಿನ ಸೆಖೆ: ಪ್ರಪಂಚದ ಪಾಲೆಷ್ಟು, ನಮ್ಮ ಕತ್ತಿಯ ಪಾಲೆಷ್ಟು?

ಸುಂಟಿಕೊಪ್ಪ ತೋಟದಮನೆ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಬಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಪ. ಒಬ್ಬರು ಕಾರಿನ ಮೀಟರ್ ಫೋಟೋ ಹಾಕುತ್ತಾರೆ, 38 ಡಿಗ್ರಿ. ಇನ್ನೊಬ್ಬರು ಮೊಬೈಲ್ ಆ್ಯಪ್ ತೋರಿಸಿ 34 ಅನ್ನುತ್ತಾರೆ. ಮೂರನೆಯವರು "ಕೊಡಗಿನ ಕಥೆ ಮುಗೀತು" ಅಂತ ಬರೆದು ಮಲಗುತ್ತಾರೆ. ಮೊದಲ ಮಳೆ ಬಿದ್ದ ಕೂಡಲೇ ಎಲ್ಲರಿಗೂ ಮರೆತುಹೋಗುತ್ತದೆ.

ಈ ಸಲ ಸ್ವಲ್ಪ ನಿಧಾನವಾಗಿ ಮಾತಾಡೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ. ಸೆಖೆ ನಿಜವಾಗಿ ಜಾಸ್ತಿಯಾಗಿದೆಯಾ, ಇಲ್ಲ ನಮಗೇ ತಡೆಯುವ ಶಕ್ತಿ ಕಡಿಮೆಯಾಗಿದೆಯಾ? ಜಾಸ್ತಿಯಾಗಿದ್ದರೆ ಅದರಲ್ಲಿ ಪ್ರಪಂಚದ ಪಾಲೆಷ್ಟು, ನಮ್ಮ ಕತ್ತಿಯ ಪಾಲೆಷ್ಟು?

ಕತ್ತಿ ಅಂದರೆ ತೋಟದ ನೆರಳುಮರ ಕಡಿಯುವ ನಮ್ಮ ಕತ್ತಿ. ಅದರ ಮಾತು ಯಾಕೆ ಅಂದರೆ, ನಮ್ಮ ತೋಟದಲ್ಲಿ ಎರಡು ತುಂಡು ಇದೆ. ಒಂದರಲ್ಲಿ ಅಜ್ಜನ ಕಾಲದ ಅತ್ತಿ, ನಂದಿ, ಬೀಟೆ, ಕೆಳಗೆ ಗೂಟ ನೆಟ್ಟು ಬೆಳೆಸುವ ನೆರಳುಮರ ಹಾಲುವಾಣ. ಇನ್ನೊಂದರಲ್ಲಿ ಹೆಚ್ಚುಕಮ್ಮಿ ಬರೀ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ. ನಡುವೆ ಒಂದು ಕಾಲುದಾರಿ ಅಷ್ಟೇ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನೋಡಬೇಕು. ಓಕ್ ಕಡೆಯ ಕಾಫಿ ಗಿಡಗಳ ಎಲೆ ಜೋತು ಬಿದ್ದಿರುತ್ತದೆ, ನೆಲದ ತರಗು ಕಾಲಿಟ್ಟರೆ ಪುಡಿಯಾಗುತ್ತದೆ. ಈ ಕಡೆ ತರಗು ಸರಿಸಿದರೆ ಕೆಳಗಿನ ಮಣ್ಣು ಇನ್ನೂ ಕಪ್ಪಗಿದೆ, ಬೆರಳಿಗೆ ತಣ್ಣಗೆ ತಾಗುತ್ತದೆ. ಅದೇ ಬಿಸಿಲು, ಅದೇ ಊರು.

ಕುಶಾಲನಗರದವ

ಅಕ್ಕ, ನಾವು ಎಷ್ಟೋ ವರ್ಷದಿಂದ ಬೇಯುತ್ತಾ ಇದ್ದೇವೆ. ಮಡಿಕೇರಿಯವರಿಗೆ ಸೆಖೆಯಾದಾಗ ಮಾತ್ರ ಅದು ಜಿಲ್ಲೆಯ ಸುದ್ದಿ. ಇರಲಿ, ಸ್ವಾಗತ.

ವಿರಾಜಪೇಟೆ ಮೇಷ್ಟ್ರು

ಮೊದಲು ಆ ಕಾರಿನ ಮೀಟರ್ ವಿಷಯ ಮುಗಿಸೋಣ. ಬಿಸಿಲಲ್ಲಿ ನಿಲ್ಲಿಸಿದ ಕಾರು ತೋರಿಸುವುದು ಊರಿನ ತಾಪಮಾನ ಅಲ್ಲ, ಡಾಂಬರು ಮತ್ತು ಎಂಜಿನ್ನಿನ ಕಾವು. ಆ್ಯಪ್ ತೋರಿಸುವುದೂ ಬಹಳ ಸಲ ಅಳತೆ ಅಲ್ಲ, ಲೆಕ್ಕಾಚಾರ. ದೊಡ್ಡ ದೊಡ್ಡ ಚೌಕಕ್ಕೆ ಒಂದೊಂದು ಅಂಕಿ ಕೊಡುತ್ತದೆ. ನಮ್ಮ ಬೆಟ್ಟ-ಕಣಿವೆ ಅದಕ್ಕೆ ಗೊತ್ತಾಗುವುದಿಲ್ಲ. ಸರಿಯಾದ ಅಳತೆ ಅಂದರೆ ನೆರಳಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಒಂದೂಕಾಲು ಮೀಟರ್ ಆಸುಪಾಸಿನಲ್ಲಿ ಇಟ್ಟ ಥರ್ಮಾಮೀಟರ್ ಹೇಳುವುದು.

ಹಾಗಂತ ಜನ ಸುಮ್ನೆ ಅರಚುತ್ತಿದ್ದಾರೆ ಅಂತ ಅಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿ ತಣ್ಣಗಾಗುತ್ತದೆ, ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಕುಶಾಲನಗರ ಅದಕ್ಕಿಂತ ಸುಮಾರು 300 ಮೀಟರ್ ಕೆಳಗೆ. ಎರಡು ಡಿಗ್ರಿ ವ್ಯತ್ಯಾಸ ಅಲ್ಲೇ ಬಂತು. ಆದರೆ ಎತ್ತರದಲ್ಲಿ ಗಾಳಿ ತೆಳು, ಬಿಸಿಲಿನ ನೇರಳಾತೀತ ಕಿರಣ ಸಾವಿರ ಮೀಟರಿಗೆ ನೂರಕ್ಕೆ ಹತ್ತರಷ್ಟು ಜಾಸ್ತಿ. ಅದಕ್ಕೇ ನೆರಳಲ್ಲಿ ಹಾಯಾಗಿದ್ದವನಿಗೆ ಬಯಲಿಗೆ ಕಾಲಿಟ್ಟ ಕೂಡಲೇ ಚರ್ಮ ಚುರುಗುಟ್ಟುತ್ತದೆ.

ಹವಾಮಾನ ಇಲಾಖೆಯ ಲೆಕ್ಕವೂ ಬೆಟ್ಟಕ್ಕೆ ಬೇರೆಯೇ ಇದೆ. ಬಯಲು ಸೀಮೆಯಲ್ಲಿ 40 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯ ಮಾತು. ಗುಡ್ಡಗಾಡಿನಲ್ಲಿ 30 ಮುಟ್ಟಿದರೆ ಸಾಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಏರಿರಬೇಕು. ಕಲಬುರಗಿಯವರು ಈ 30 ಕೇಳಿ ನಗಬಹುದು. ನಮ್ಮ ಮನೆ, ಮೈ, ಬೆಳೆ ಯಾವುದೂ ಅವರ ಬಿಸಿಲಿಗೆ ಒಗ್ಗಿದ್ದಲ್ಲ.

ಇನ್ನು ವಾಡಿಕೆ ಅಂದರೇನು? ಮೂವತ್ತು ವರ್ಷದ ಸರಾಸರಿ. ಮೊದಲು 1981ರಿಂದ 2010ರದ್ದು ಹಿಡಿಯುತ್ತಿದ್ದರು, ಈಗ 1991ರಿಂದ 2020ರದ್ದು. ಅಂದರೆ ಅಳೆಯುವ ಕೋಲೇ ಸ್ವಲ್ಪ ಮೇಲೆ ಹೋಗಿದೆ. "ವಾಡಿಕೆಗಿಂತ ಒಂದೇ ಡಿಗ್ರಿ ಜಾಸ್ತಿ" ಅಂತ ಪೇಪರಿನಲ್ಲಿ ಬಂದಾಗ ಇದು ನೆನಪಿರಲಿ.

ಸಿದ್ದಾಪುರ ರೋಬಸ್ಟಾ

ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ 2024ರ ಬೇಸಿಗೆ ಎಲ್ನಿನೊದ್ದು, ಅಂದರೆ ಪೆಸಿಫಿಕ್ ಸಮುದ್ರ ಬಿಸಿಯಾದದ್ದರ ಫಲ ಅಂತ ಆಗಲೇ ಎಲ್ಲರೂ ಹೇಳಿದ್ದರಲ್ವಾ? ಅದು ಬರುತ್ತದೆ, ಹೋಗುತ್ತದೆ. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತು. ಆಗ ಯಾರೂ ಕೊಡಗು ಬಿಸಿಯಾಯಿತು ಅಂತ ಬರೆಯಲಿಲ್ಲ.

ವಿರಾಜಪೇಟೆ ಮೇಷ್ಟ್ರು

ಎಲ್ನಿನೊ ಬಂದು ಹೋಗುತ್ತದೆ, ಸರಿ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಅದರ ಬೆನ್ನಿಗೆ ಬಂದದ್ದು 2024ರ ಬೇಸಿಗೆ. ಆ ವರ್ಷದ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಹಿಂದೆಯೂ ಎಲ್ನಿನೊ ಬಂದಿತ್ತಲ್ಲ. ಈಗ ಅದು ಬಂದು ಕೂರುವ ಮೆಟ್ಟಿಲೇ ಎತ್ತರವಾಗಿದೆ. 1901ರಿಂದ ಲೆಕ್ಕ ಇಟ್ಟಾಗಿನಿಂದ ಭಾರತಕ್ಕೆ 2024 ಅತಿ ಬಿಸಿ ವರ್ಷ, ಪ್ರಪಂಚಕ್ಕೂ ಅದೇ. ಒಂದು ತಂಪು ಮೇ ತಿಂಗಳು ಅದನ್ನು ಅಳಿಸುವುದಿಲ್ಲ.

ಇಂಚು-ಸೆಂಟ್ (ಪೊನ್ನಂಪೇಟೆ ಕಡೆ)

ನಮ್ಮ ಮನೆಯಲ್ಲಿ ಮಳೆ ಪುಸ್ತಕ ಇದೆ. ಅಜ್ಜ ಬರೆದದ್ದು, ಅಪ್ಪ ಬರೆದದ್ದು, ಈಗ ನಾನು. ಅಂಗಳದ ಮಳೆಮಾಪಕ ನೋಡಿ ಬೆಳಗ್ಗೆ ಬರೆದಿಡುವುದು: ಒಂದು ಇಂಚು ಇಪ್ಪತ್ತು ಸೆಂಟ್, ನಲವತ್ತು ಸೆಂಟ್, ಹೀಗೆ. ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಕೊಡಗಿನ ಅರ್ಧ ತೋಟಗಳಲ್ಲಿ ಇಂಥ ಪುಸ್ತಕ ಇರಬಹುದು. ಅದರಲ್ಲಿ ಸೆಖೆಯ ಕಾಲಂ ಇಲ್ಲ, ಯಾಕೆಂದರೆ ಅಜ್ಜನಿಗೆ ಅದು ಬರೆದಿಡುವ ವಿಷಯವೇ ಆಗಿರಲಿಲ್ಲ.

ನನ್ನ ತಕರಾರು ಡಿಗ್ರಿಗಿಂತ ಮಳೆಯ ಹೊತ್ತಿನ ಬಗ್ಗೆ. ರೋಬಸ್ಟಾ ಜಾತಿಯ ಕಾಫಿಗೆ ಫೆಬ್ರವರಿ-ಮಾರ್ಚಿನಲ್ಲಿ ಹೂವು ಅರಳಿಸುವ ಒಂದು ಇಂಚಿನ ಹೂಮಳೆ ಬೇಕು. ಬಿದ್ದ ಒಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ವಾರ ಬಿಟ್ಟು ಹೂವು ಕಾಯಿ ಕಟ್ಟಲು ಬ್ಯಾಕಿಂಗ್ ಮಳೆ. ಈ ಎರಡು ಸರಿಯಾಗಿ ಬಿದ್ದರೆ ನಡುವೆ ಎಷ್ಟು ಬಿಸಿಲು ಕಾದರೂ ಗಿಡ ತಡೆಯುತ್ತದೆ. ತೊಂದರೆ ಇಪ್ಪತ್ತು-ಮೂವತ್ತು ಸೆಂಟ್ ಮಳೆಯದ್ದು. ಮೊಗ್ಗು ಅರೆ ಎಚ್ಚರವಾಗುತ್ತದೆ, ಮಾರನೇ ದಿನದ ಬಿಸಿಲಿಗೆ ಅಲ್ಲೇ ಕಮರುತ್ತದೆ. ಅಂಥ ಗಿಡದ ಮುಂದೆ ನಿಂತರೆ ಗೊತ್ತಾಗುತ್ತದೆ: ಗೆಣ್ಣು ಗೆಣ್ಣಿನಲ್ಲೂ ಬೆಂಕಿಕಡ್ಡಿ ತಲೆಯಷ್ಟು ಕಂದು ಮೊಗ್ಗು, ಬೆರಳಲ್ಲಿ ಸವರಿದರೆ ಉದುರುತ್ತದೆ. ಒಂದು ವರ್ಷದ ಬೆಳೆ ಅದು.

ಇನ್ನೊಂದು ಕಡೆ, ಬರಬಾರದ ಹೊತ್ತಿಗೆ ಬರುವ ಮಳೆ. 2021ರ ಜನವರಿ ನೆನಪಿದೆಯಾ? ಕಣದಲ್ಲಿ ಕಾಫಿ ಒಣಗುತ್ತಿತ್ತು, ಗಿಡದಲ್ಲಿ ಇನ್ನೂ ಹಣ್ಣಿತ್ತು, ಮಳೆ ಬಂದು ಎರಡನ್ನೂ ಕೆಡಿಸಿತು. ಹಣ್ಣು ಇರುವ ಗಿಡದಲ್ಲೇ ಹೂವು ಬಿಟ್ಟರೆ ಕೊಯ್ಯುವುದು ಹೇಗೆ? 2018, 2019, 2020 ಅಂತೂ ಹೇಳುವುದೇ ಬೇಡ. ಮೂರು ವರ್ಷ ಸಾಲಾಗಿ ಆಗಸ್ಟಿನಲ್ಲೇ ಗುಡ್ಡ ಜಾರಿತು. ಅದೇ ನೆಲದಲ್ಲಿ ಏಪ್ರಿಲಿಗೆ ಕುಡಿಯುವ ನೀರಿಗೆ ಟ್ಯಾಂಕರ್. ಅರಬ್ಬೀ ಸಮುದ್ರ ಬಿಸಿಯಾದಷ್ಟೂ ಗಾಳಿ ಹೊತ್ತು ತರುವ ನೀರು ಜಾಸ್ತಿ, ಸುರಿಯುವಾಗ ಒಟ್ಟಿಗೇ ಸುರಿಯುತ್ತದೆ. ಹಾಗಾಗಿ ಸೆಖೆಯನ್ನೂ ಪ್ರವಾಹವನ್ನೂ ಬೇರೆ ಬೇರೆ ಕಟ್ಟಿ ಇಡಬೇಡಿ.

ಸಿದ್ದಾಪುರ ರೋಬಸ್ಟಾ

ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಇದೆ. ನಾನಂತೂ ಕಾದು ಕೂರುವವನಲ್ಲ.

ಅಕ್ಕ ಕತ್ತಿಯ ಮಾತೆತ್ತಿದರು, ನೇರವಾಗಿ ಹೇಳುತ್ತೇನೆ. ನಾನು ನೆರಳು ಬಿಡಿಸಿದವನೇ. ರೋಬಸ್ಟಾಕ್ಕೆ ಅರೇಬಿಕಾದಷ್ಟು ನೆರಳು ಬೇಡ. ನೀರು ಕೊಟ್ಟು, ಮರದ ರೆಂಬೆ ಸವರಿ ಕಪಾತು ಮಾಡಿಸಿ, ಗೊಬ್ಬರ ಹಾಕಿದರೆ ಇಳುವರಿ ಏರುತ್ತದೆ. 2024ರಲ್ಲಿ ವಿಯೆಟ್ನಾಮಿನಲ್ಲಿ ಬರ ಬಿದ್ದು ಇಲ್ಲಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿ ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿತು. ಅಲ್ಲಿಯವರೆಗೆ ಎಷ್ಟು ವರ್ಷ ಸಾಲದಲ್ಲಿ ಕೂತಿದ್ದೆವು ಅಂತ ಯಾರಾದರೂ ಕೇಳಿದರಾ? ನೆರಳು ಎಲ್ಲರಿಗೂ ಬೇಕು, ಬಿಲ್ಲು ಮಾತ್ರ ಬೆಳೆಗಾರನಿಗೆ.

ಇನ್ನು ಸಿಲ್ವರ್ ಓಕ್ ಯಾಕೆ ಹಾಕಿದೆವು? ಬೇಗ ಬೆಳೆಯುತ್ತದೆ, ಮೆಣಸಿಗೆ ನೆಟ್ಟಗಿನ ಕಂಬ, ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಿಲ್ಲ. ಕಾಡುಮರದ ಕಥೆ ಬೇರೆ. ರಿಡೀಮ್ ಆಗದ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ ಮರ ನಿಂತಿರುವುದು ನನ್ನ ತೋಟದಲ್ಲಿ, ಹಕ್ಕು ಸರ್ಕಾರದ್ದು. ನಾನೇ ನೆಟ್ಟು ಬೆಳೆಸಿದ ಬೀಟೆಯನ್ನು ಮಗಳ ಮದುವೆಗೆ ಕಡಿಯಲಾಗುವುದಿಲ್ಲ ಅಂದರೆ ಯಾರು ನೆಡುತ್ತಾರೆ, ನೀವೇ ಹೇಳಿ.

ಸುಂಟಿಕೊಪ್ಪ ತೋಟದಮನೆ

ಅಣ್ಣ, ಮರದ ಹಕ್ಕಿನ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಕೊಡಗಿನಲ್ಲಿ ನೆರಳು ಕಡಿಮೆಯಾದದ್ದಕ್ಕೆ ಬೆಳೆಗಾರನ ದುರಾಸೆಯ ಜೊತೆಗೆ ಈ ಕಂದಾಯದ ಗಂಟೂ ಕಾರಣ. ಪರಿಸರದ ಬಗ್ಗೆ ಭಾಷಣ ಮಾಡುವವರು ಇದನ್ನು ಯಾವತ್ತೂ ಹೇಳುವುದಿಲ್ಲ. ಪಶ್ಚಿಮಘಟ್ಟ ಉಳಿಸುವ ಬಗ್ಗೆ ಗಾಡ್ಗೀಳ್, ಕಸ್ತೂರಿರಂಗನ್ ವರದಿ ಅಂದ ಕೂಡಲೇ ಎರಡು ಗುಂಪಾಗಿ ಕೂಗಾಡಿದೆವು, ತೋಟದೊಳಗಿನ ಮರದ ಲೆಕ್ಕ ಅಲ್ಲೇ ಉಳಿಯಿತು.

ಆದರೆ ಇಳುವರಿಯ ಲೆಕ್ಕದಲ್ಲಿ ಒಂದು ಬಿಟ್ಟಿದ್ದೀರಿ. ನೀವು ಬಿಡಿಸಿದ ನೆರಳಿಗೆ ಬದಲಾಗಿ ಕೊಡುತ್ತಿರುವುದು ನೀರು. ಆ ನೀರು ಮಾರ್ಚಿನಲ್ಲಿ ಎಲ್ಲಿಂದ ಬರುತ್ತದೆ? ನಮ್ಮ ಮೇಲಿನ ಭಾಗದಲ್ಲಿ ಅರೇಬಿಕಾ ಇತ್ತು. ನೆರಳು ತೆಳುವಾದ ಮೇಲೆ ಬಿಳಿ ಕಾಂಡಕೊರಕ ಬಿಡಲಿಲ್ಲ. ಅದರ ದುಂಬಿಗೆ ಬಿಸಿಲು ಬೀಳುವ ಕಾಂಡವೇ ಬೇಕು, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಕಾಂಡಕ್ಕೆ ಸುಣ್ಣ ಬಳಿದೆವು, ಕೊರೆದ ಗಿಡ ಕಿತ್ತು ಸುಟ್ಟೆವು. ಕಡೆಗೆ ಅರ್ಧ ಭಾಗ ರೋಬಸ್ಟಾ ಆಯಿತು. ರೋಬಸ್ಟಾ ಬಂದ ಮೇಲೆ ನೆರಳು ಇನ್ನೂ ಬಿಡಿಸಿದೆವು, ನೀರು ಇನ್ನೂ ಬೇಕಾಯಿತು. ಇದಕ್ಕೆ ಕೊನೆ ಎಲ್ಲಿ?

ಹೋಂಸ್ಟೇ ಹುಡುಗ

ಕಳೆದ ವಾರ ಬಂದ ಗೆಸ್ಟ್ ಮೊದಲು ಕೇಳಿದ್ದು ವೈಫೈ ಅಲ್ಲ, ಎಸಿ. "ಸರ್, ಇದು ಕೊಡಗು" ಅಂದೆ. "ಗೊತ್ತು, ಎಸಿ ಎಲ್ಲಿ" ಅಂದರು.

ತೋಟದ ರೈಟರ್

ಎಲ್ಲರೂ ಗಿಡದ ಎಲೆ ಬಾಡಿದ್ದು ನೋಡಿದಿರಿ. ಕೆಲಸದವರ ಮುಖ ಯಾರೂ ನೋಡಲಿಲ್ಲ ಅಂತ ಬರೆಯುತ್ತಿದ್ದೇನೆ.

ಅವರು ಇರುವ ಲೈನ್‌ಮನೆಗಳ ಮಾಡು ಹೆಚ್ಚಿನ ಕಡೆ ಶೀಟು. ಸಂಜೆ ಆರಕ್ಕೂ ಒಳಗೆ ಕೈ ಎತ್ತಿದರೆ ಶೀಟಿನ ಕಾವು ಅಂಗೈಗೆ ಹೊಡೆಯುತ್ತದೆ. ಮಕ್ಕಳನ್ನು ಹೊರಗೆ ಕಟ್ಟೆಯ ಮೇಲೆ ಮಲಗಿಸೋಣ ಅಂದರೆ ಆನೆ ಭಯ. ಬೇಸಿಗೆಯಲ್ಲಿ ಕಾಡಿನ ನೀರು ಬತ್ತಿದ ಮೇಲೆ ಆನೆಗಳು ತೋಟದ ಕೆರೆಗೇ ಬರುವುದು, ಹಲಸು ಬೇರೆ ಆಗ ತಾನೇ ಹಣ್ಣಾಗುತ್ತಿರುತ್ತದೆ. ಹಾಗಾಗಿ ಬಾಗಿಲು ಹಾಕಿಕೊಂಡು ಒಳಗೇ ಬೇಯುವುದು. ರಾತ್ರಿ ನಿದ್ದೆ ಇಲ್ಲದವರು ಬೆಳಗ್ಗೆ ಮತ್ತೆ ಬಿಸಿಲಿಗೆ ಬರುತ್ತಾರೆ. ಅಸ್ಸಾಂ ಕಡೆಯ ಹುಡುಗರಾಗಲಿ, ನಮ್ಮ ಹಾಡಿಯ ಯರವರಾಗಲಿ, ಎಲ್ಲರಿಗೂ ಅದೇ.

ನಮ್ಮ ಸಾಹುಕಾರರಿಗೆ ಹೇಳಿ ಒಂದು ಕೆಲಸ ಮಾಡಿಸಿದೆ. ಮಾರ್ಚಿಂದ ಕೆಲಸ ಬೆಳಗ್ಗೆ ಬೇಗ ಶುರು, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಯಲು ತುಂಡಿಗೆ ಯಾರನ್ನೂ ಕಳಿಸುವುದಿಲ್ಲ. ಮೊದಲು "ಆಳು ಲೆಕ್ಕ ಕಮ್ಮಿ ಬೀಳುತ್ತದೆ" ಅಂದರು. ಬೀಳಲಿಲ್ಲ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಆಗುತ್ತಿದ್ದ ಕೆಲಸ ಅಷ್ಟಕ್ಕಷ್ಟೇ ಇತ್ತು.

ಆರೋಗ್ಯ ಕೇಂದ್ರದ ಸಿಸ್ಟರ್

ರೈಟರ್ ಅಣ್ಣ, ಒಳ್ಳೆ ಕೆಲಸ ಮಾಡಿದಿರಿ. ನಮ್ಮಲ್ಲಿ ಜನರಿಗೆ "ಕೊಡಗಿನಲ್ಲಿ ಬಿಸಿಲು ಹೊಡೆಯುತ್ತದಾ" ಅಂತ ನಂಬಿಕೆಯೇ ಇಲ್ಲ. ತಲೆ ಸುತ್ತು, ವಾಂತಿ, ಮೀನಖಂಡ ಹಿಡಿದುಕೊಳ್ಳುವುದು ಬಂದರೆ ಪಿತ್ತ ಅಂತ ಸುಮ್ಮನಾಗುತ್ತಾರೆ. ನೆರಳಿಗೆ ಕರೆದುಕೊಂಡು ಹೋಗಿ, ಬಟ್ಟೆ ಸಡಿಲಿಸಿ, ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪ್ಯಾಕೆಟ್ ಕಲಸಿ ಸ್ವಲ್ಪ ಸ್ವಲ್ಪ ಕುಡಿಸಿ. ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಅದು ಬೇರೆ. ಆಗ ಬಾಯಿಗೆ ನೀರು ಹಾಕಬೇಡಿ. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ 108ಕ್ಕೆ ಫೋನ್ ಮಾಡಿ. ಬಿಪಿ ಮಾತ್ರೆ ನುಂಗುವ ವಯಸ್ಸಾದವರನ್ನು ಹೆಚ್ಚು ಗಮನಿಸಿ, ಕೆಲವು ಮಾತ್ರೆ ಮೈಯ ನೀರು ಹೊರಗೆ ಹಾಕುತ್ತದೆ.

ಸಾರಾಯಿ ಕುಡಿದರೆ ತಂಪು ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಬೆಂಗಳೂರಲ್ಲಿರುವ ಕೊಡಗಿನವಳು

2024ರ ಏಪ್ರಿಲಿನಲ್ಲಿ ಬೆಂಗಳೂರಿನ ಸೆಖೆ 38.5 ಡಿಗ್ರಿವರೆಗೂ ಹೋಯಿತು. ಆ ತಿಂಗಳು ಒಂದು ಹನಿ ಮಳೆ ಇಲ್ಲ. ಊರಿಗೆ ಹೋಗಿ ಬದುಕೋಣ ಅಂತ ನಾಪೋಕ್ಲಿಗೆ ಓಡಿ ಬಂದೆ, ಕೊಡವ ಕುಟುಂಬಗಳ ಹಾಕಿ ಹಬ್ಬ ಬೇರೆ ನಡೆಯುತ್ತಿತ್ತು. ಆ ವರ್ಷ 360 ತಂಡ! 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಏಪ್ರಿಲ್-ಮೇ ಅಂದರೆ ಹಾಕಿ ಅಂತಲೇ ಲೆಕ್ಕ. ಅಷ್ಟು ತಂಡ ಇದ್ದ ಮೇಲೆ ಮಧ್ಯಾಹ್ನವೂ ಆಡಿಸಲೇಬೇಕು. ಸ್ಟ್ಯಾಂಡಿನಲ್ಲಿ ಕೂತ ನನಗೇ ತಲೆ ಸುತ್ತುತ್ತಿತ್ತು, ಐವತ್ತು ದಾಟಿದ ಮಾವಂದಿರು ಮೈದಾನದಲ್ಲಿ ಓಡುತ್ತಿದ್ದರು. ನೀರಿನ ಬ್ರೇಕ್ ಜಾಸ್ತಿ ಕೊಡಿ ಅಂತ ಯಾರಾದರೂ ಹೇಳಬೇಕು.

ಇನ್ನೊಂದು ವಿಷಯ. ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಹಳೆಯ ಮೂಲಮನೆಯಲ್ಲಿ ಫ್ಯಾನ್ ಇಲ್ಲ, ಈಗಲೂ ಬೇಡ. ದಪ್ಪ ಗೋಡೆ, ಎತ್ತರದ ಹೆಂಚಿನ ಮಾಡು, ಅಟ್ಟ, ನಡುವೆ ತೆರೆದ ತೊಟ್ಟಿ. ಪಕ್ಕದಲ್ಲೇ ಚಿಕ್ಕಪ್ಪ ಕಟ್ಟಿಸಿದ ತಾರಸಿ ಮನೆಯಲ್ಲಿ ಎರಡು ಫ್ಯಾನ್ ತಿರುಗಿದರೂ ರಾತ್ರಿ ಹನ್ನೆರಡರವರೆಗೆ ಮಲಗಲಾಗುವುದಿಲ್ಲ. ಎರಡೂ ಮನೆಗೆ ಒಂದೇ ಅಂಗಳ.

ಕುಶಾಲನಗರದವ

ತಾರಸಿಗೆ ಸುಣ್ಣ ಬಳಿಯಿರಿ, ಬೇಸಿಗೆ ಮುಗಿಯುವವರೆಗೆ ಸಾಕು. ಇಲ್ಲವೇ ಮೇಲೆ ಒಂದು ಶೀಟಿನ ಮಾಡು ಏರಿಸಿ, ನಡುವೆ ಗಾಳಿ ಓಡಾಡಲಿ. ನಮ್ಮೂರಲ್ಲಿ ಮಳೆಗೆ ಅಂತ ಹಾಕಿಸಿದ್ದು ಸೆಖೆಗೂ ಆಯಿತು.

ಗದ್ದೆ ಬಿಡದವ (ಭಾಗಮಂಡಲ ರಸ್ತೆ)

ನೀರಿನ ಮಾತು ಬಂತಲ್ಲ, ನನಗೆ ಅದೇ ಮುಖ್ಯ. ನಮ್ಮ ಕಡೆ ಬೀಳುವ ಮಳೆಯಲ್ಲಿ ಕುಶಾಲನಗರದಂಥ ನಾಲ್ಕು ಊರು ನೆನೆಯಬಹುದು. ಆದರೂ ಏಪ್ರಿಲಿನಲ್ಲಿ ಕಾವೇರಿಯ ಕಲ್ಲು ಲೆಕ್ಕ ಹಾಕಬಹುದು. ಮಡಿಕೇರಿಗೆ ಕೂಟುಹೊಳೆ, ಕುಂಡಾಮೇಸ್ತ್ರಿಯ ನೀರು ಇಳಿದಾಗಲೆಲ್ಲ ನಲ್ಲಿಗೆ ದಿನ ಎಣಿಸಬೇಕು. ಬಿದ್ದದ್ದು ಎಲ್ಲಿ ಹೋಯಿತು?

ಮೊದಲು ಮಳೆಗಾಲದಲ್ಲಿ ಕಣಿವೆ ಕಣಿವೆಯ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು. ಬದುವಿನಿಂದ ಬದುವಿಗೆ ಇಳಿದು, ನೆಲಕ್ಕೆ ಇಂಗಿ, ಬೇಸಿಗೆಯಲ್ಲಿ ತೋಡಿಗೆ ಸೋರುತ್ತಿತ್ತು. ಈಗ ಅರ್ಧ ಗದ್ದೆ ಪಾಳು, ಉಳಿದದ್ದರಲ್ಲಿ ಶುಂಠಿ, ಅಡಿಕೆ, ಇಲ್ಲ ಸೈಟು. ಶುಂಠಿಗೆ ನೀರು ನಿಲ್ಲಬಾರದು ಅಂತ ಕಾಲುವೆ ತೋಡಿ ಬಸಿಯುತ್ತಾರೆ. ಬಸಿದ ನೀರು ಸೀದಾ ಹೊಳೆಗೆ, ಹೊಳೆಯಿಂದ ಕೆಆರ್‌ಎಸ್‌ಗೆ. ಭತ್ತದಲ್ಲಿ ಲಾಭ ಇಲ್ಲ, ಅದು ನನಗೂ ಗೊತ್ತು. ಆನೆ, ಕಾಡುಹಂದಿ, ಆಳಿನ ಕೂಲಿ ಎಲ್ಲ ಕಳೆದರೆ ಪುತ್ತರಿ ಸುಗ್ಗಿಹಬ್ಬಕ್ಕೆ ಕದಿರು ಮನೆಗೆ ತರಲು ಗದ್ದೆ ಇದೆ ಅನ್ನುವುದೊಂದೇ ಲಾಭ. ಆದರೂ ಬಿಟ್ಟಿಲ್ಲ. ನಮ್ಮ ಬಾವಿ ಮೇ ಕೊನೆಯವರೆಗೂ ಬತ್ತುವುದಿಲ್ಲ. ಗದ್ದೆ ಬಿಟ್ಟ ಮೇಲಿನ ಮನೆಯವರ ಬಾವಿಗೆ ಏಪ್ರಿಲಿನಲ್ಲೇ ಬಕೆಟ್ ತಾಗುತ್ತದೆ.

ಸಿದ್ದಾಪುರದ ಅಣ್ಣನಿಗೆ ಒಂದು ಮಾತು. ಹೊಳೆಗೆ ಪಂಪ್ ಇಟ್ಟು ರಾತ್ರಿಯಿಡೀ ಎಳೆಯುವಾಗ ಕೆಳಗಿನ ಊರಿನವರು ಬೆಳಗ್ಗೆ ಕೊಡ ಹಿಡಿದು ಬರುತ್ತಾರೆ ಅನ್ನುವುದು ನೆನಪಿರಲಿ.

ಸಿದ್ದಾಪುರ ರೋಬಸ್ಟಾ

ನನ್ನದು ಸ್ವಂತ ಕೆರೆ, ಹೊಳೆ ಅಲ್ಲ. ಮಳೆಗಾಲದಲ್ಲಿ ತುಂಬಿಸಿ ಇಟ್ಟುಕೊಳ್ಳುತ್ತೇನೆ. ಹೊಳೆಗೆ ಪಂಪ್ ಇಡುವವರ ಪರವಾಗಿ ನಾನು ಮಾತಾಡುವುದಿಲ್ಲ. ಆದರೆ ಕೆರೆಯಲ್ಲೂ ಈಗ ಎರಡನೇ ಸುತ್ತಿಗೆ ನೀರು ಸಾಲುತ್ತಿಲ್ಲ, ಅದು ನಿಜ. ಆವಿಯಾಗಿ ಹೋಗುವುದೇ ಕಣ್ಣಿಗೆ ಕಾಣುತ್ತದೆ.

ಮೇಷ್ಟ್ರೇ, ಒಂದು ಪ್ರಶ್ನೆ. ಅಕ್ಕನ ಎರಡು ತುಂಡಿನ ವ್ಯತ್ಯಾಸ ಎಷ್ಟು ಡಿಗ್ರಿ ಅಂತ ಅಳೆಯಬಹುದಾ? ಎಲೆ ಬಾಡಿತು, ಮಣ್ಣು ತಣ್ಣಗಿತ್ತು ಅಂದರೆ ನನಗೆ ಸಾಲದು.

ವಿರಾಜಪೇಟೆ ಮೇಷ್ಟ್ರು

ಖಂಡಿತ. ಒಂದೇ ಕಂಪನಿಯ, ಒಂದೇ ಥರದ ಎರಡು ಥರ್ಮಾಮೀಟರ್ ತಗೊಳ್ಳಿ, ಗರಿಷ್ಠ-ಕನಿಷ್ಠ ಎರಡೂ ತೋರಿಸುವುದು. ಮೊದಲು ಒಂದು ರಾತ್ರಿ ಒಂದೇ ಮೇಜಿನ ಮೇಲೆ ಇಡಿ, ಎರಡೂ ಒಂದೇ ಅಂಕಿ ಹೇಳುತ್ತವಾ ನೋಡಿ. ಆಮೇಲೆ ಎರಡೂ ತುಂಡಿನಲ್ಲಿ ಒಂದೇ ಎತ್ತರಕ್ಕೆ ಕಟ್ಟಿ. ಮೇಲೆ ಬಿಳಿ ಬಣ್ಣದ ಪ್ಲಾಸ್ಟಿಕ್ ತಟ್ಟೆಗಳನ್ನು ಅಡಿಮೇಲಾಗಿ ಒಂದರ ಮೇಲೊಂದು ಸಂದು ಬಿಟ್ಟು ಜೋಡಿಸಿದರೆ ಬಿಸಿಲು ತಾಗುವುದಿಲ್ಲ, ಗಾಳಿ ಆಡುತ್ತದೆ. ಮೂರನೆಯದೊಂದನ್ನು ಹತ್ತಿರದ ದೇವರಕಾಡಿನ ಅಂಚಿಗೆ ಕಟ್ಟಲು ಊರಿನವರು ಒಪ್ಪಿದರೆ ಇನ್ನೂ ಒಳ್ಳೆಯದು. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡು ಇದೆ, ಹತ್ತಿರದಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಹಗಲಿನ ಗರಿಷ್ಠದ ಜೊತೆ ರಾತ್ರಿಯ ಕನಿಷ್ಠವನ್ನೂ ಬರೆಯಿರಿ. ಭೂಮಿ ಬಿಸಿಯಾಗುತ್ತಿರುವುದು ರಾತ್ರಿಯ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಬೇಸಿಗೆಯ ಅಂಕಿ ಹಿಡಿದು ಹವಾಮಾನ ಬದಲಾಯಿತು ಅನ್ನಲಾಗುವುದಿಲ್ಲ. ಆದರೆ ನೆರಳು ಏನು ಮಾಡುತ್ತದೆ ಅಂತ ಹೇಳಲು ಒಂದು ಬೇಸಿಗೆ ಸಾಕು.

ಇಂಚು-ಸೆಂಟ್ (ಪೊನ್ನಂಪೇಟೆ ಕಡೆ)

ನಾನೂ ಸೇರುತ್ತೇನೆ. ಮಳೆ ಪುಸ್ತಕಕ್ಕೆ ಎರಡು ಕಾಲಂ ಗೆರೆ ಹಾಕಿದೆ.

ಸುಂಟಿಕೊಪ್ಪ ತೋಟದಮನೆ

ಥರ್ಮಾಮೀಟರ್ ನಾನು ತರಿಸುತ್ತೇನೆ. ಅಂಕಿ ಏನೇ ಬರಲಿ, ಓಕ್ ತುಂಡಿನ ನಡುವೆ ಈ ಸಲ ಹಾಲುವಾಣ ಹಾಕಿಸುತ್ತೇನೆ. ಓಕ್ ಕಡಿಯುವುದಿಲ್ಲ, ಮೆಣಸು ಇದೆ. ಕೆಳಗೊಂದು ನೆರಳು ಬಂದರೆ ಸಾಕು. ಅತ್ತಿ ಗಿಡವೂ ಅಲ್ಲಲ್ಲಿ ನೆಡಿಸಬೇಕು, ಅದು ಬರಲು ಮಾತ್ರ ಕಾಯಬೇಕು.

ಸಿದ್ದಾಪುರ ರೋಬಸ್ಟಾ

ಹಾಲುವಾಣದ ಗೂಟ ನಿಮ್ಮಲ್ಲಿ ಹೆಚ್ಚುವರಿ ಸಿಗುತ್ತದಾ ಅಕ್ಕ? ಕೆರೆಯ ಮೇಲಿನ ಒಂದು ಎಕರೆಗೆ ಹಾಕಿ ನೋಡುತ್ತೇನೆ. ಒಂದೇ ಎಕರೆ, ಮತ್ತೆ ಎಲ್ಲರೂ ಸೇರಿ ಸನ್ಮಾನ ಮಾಡಬೇಡಿ.

ಸುಂಟಿಕೊಪ್ಪ ತೋಟದಮನೆ

ಧಾರಾಳ ಇದೆ. ಕಪಾತು ಮಾಡಿದಾಗ ನೆಟ್ಟಗಿನ ರೆಂಬೆ ಎತ್ತಿಡಿಸುತ್ತೇನೆ, ಎರಡು ಮೀಟರ್ ಉದ್ದದ್ದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಬನ್ನಿ, ಮೊದಲೇ ಒಯ್ದರೆ ಒಣಗುತ್ತದೆ. ಗಾಡಿ ನಿಮ್ಮದು.

ಸಿದ್ದಾಪುರ ರೋಬಸ್ಟಾ

ಪಿಕಪ್ ಸಾಕಾ, ಲಾರಿ ಬೇಕಾ?

ತೋಟದ ರೈಟರ್

ಒಂದು ಎಕರೆಗೆ ಪಿಕಪ್ ಸಾಕು ಸರ್. ಇಳಿಸಲು ಇಬ್ಬರನ್ನು ಕರೆದುಕೊಂಡು ಬನ್ನಿ.